ಡಬ್ಬಿಯೊಳಗಿನ ಗೋಳಗುಮ್ಮಟ

ಗೋಲ್ ಗುಂಬಜಿಗೆ ಹೋಗುವುದಾದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಬಿಸಿಲೇರುವ ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಆಮೇಲೆ ಮೇಲಿನ ಗ್ಯಾಲರಿಯಲ್ಲಿ ಬರೀ ಕೂಗು, ಸಿಳ್ಳೆ, ಚಪ್ಪಾಳೆ. ಗುಮ್ಮಟ ಅದನ್ನೆಲ್ಲ ಒಂದೇ ಮುದ್ದೆ ಮಾಡಿ ವಾಪಸ್ ಎಸೆಯುತ್ತದೆ. ಅಲ್ಲಿಯ ನಿಜವಾದ ಸೊಗಸು ಪಿಸುಮಾತಿನಲ್ಲಿದೆ, ಅದಕ್ಕೆ ನಿಶ್ಶಬ್ದ ಬೇಕು.

ನಾನು ಈ ಸಲ ಹೋದದ್ದು ಎಳ್ಳಮಾವಾಸ್ಯೆಗೆ. ನನ್ನ ತಾಯಿಯ ತವರು ವಿಜಯಪುರದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಟವೆಲಿನಲ್ಲಿ ಸುತ್ತಿ ಒಂದು ಸಣ್ಣ ಲೋಹದ ಡಬ್ಬಿ ಇಟ್ಕೊಂಡಿದ್ದೆ. ಅದರ ಹೆಸರು ಡಿಜಿಟಲ್ ರಿವರ್ಬ್ ಪೆಡಲ್. ಗಿಟಾರ್ ನುಡಿಸುವವರು ಕಾಲಲ್ಲಿ ಒತ್ತಿ ಆನ್, ಆಫ್ ಮಾಡುವ ಸಾಧನ. ಒಂದು ಕಡೆಯಿಂದ ಗಿಟಾರಿನ ವೈರ್ ಒಳಗೆ ಹೋಗುತ್ತೆ, ಇನ್ನೊಂದು ಕಡೆಯಿಂದ ಸ್ಪೀಕರಿಗೆ ಹೊರಡುತ್ತೆ. ನಡುವೆ ಈ ಡಬ್ಬಿ ಆ ನಾದಕ್ಕೆ ಒಂದು ಜಾಗವನ್ನು ಕಟ್ಟಿಕೊಡುತ್ತೆ. ನೀವು ಕೂತಿರುವುದು ಬೆಂಗಳೂರಿನ ಹತ್ತಕ್ಕೆ ಹತ್ತರ ಕೋಣೆಯಲ್ಲೇ ಆದರೂ ಹೆಡ್‌ಫೋನಿನಲ್ಲಿ ಕೇಳುವುದು ದೊಡ್ಡ ಸಭಾಂಗಣದ ಮೊಳಗು. ಅಕ್ಕಪಕ್ಕದ ಮನೆಯವರಿಗೆ ತೊಂದರೆಯೂ ಇಲ್ಲ.

ಇದನ್ನು ಹಳ್ಳಿಗೆ ಒಯ್ಯಲು ಕಾರಣ ನಮ್ಮ ಸೋದರಮಾವ. ಅವರಿಗೀಗ ಅರವತ್ತೆಂಟು. ನಲವತ್ತು ವರ್ಷಗಳಿಂದ ಊರ ಮಠದ ಭಜನಾ ಮೇಳದಲ್ಲಿ ಮುಂದಾಳಾಗಿ ವಚನ, ತತ್ವಪದ ಹಾಡುತ್ತಾ ಬಂದವರು. ಎರಡು ವರ್ಷದಿಂದ ಸಾಲಿನ ಕೊನೆಗೆ ಉಸಿರು ಸಾಲುತ್ತಿಲ್ಲ. ಮೇಳದ ಹುಡುಗರು ಅದನ್ನು ಮುಚ್ಚಲು ಮಿಕ್ಸರಿನ ಎಕೋ ಏರಿಸಿದರು. ನಮ್ಮ ಕಡೆ ಜಾತ್ರೆ, ನಾಟಕ, ಆರ್ಕೆಸ್ಟ್ರಾ ಎಲ್ಲಿ ಹೋದರೂ ಈ ಎಕೋ ಇದ್ದೇ ಇರುತ್ತೆ. "ಹಲೋ ಮೈಕ್ ಟೆಸ್ಟಿಂಗ್" ಅಂದರೆ "ಟಿಂಗ್... ಟಿಂಗ್... ಟಿಂಗ್". ಮಾಮಾನಿಗೆ ಅದರಿಂದ ಕಷ್ಟವೇ ಆಯ್ತು. ಫೋನಿನಲ್ಲಿ ಹೇಳಿದ್ದರು: "ಹಾಡೋ ಮುಂದ ನನ್ನ ಮಾತ ನನಗ ತಿಳೀವಲ್ದು ತಮ್ಮಾ. ಈ ವರ್ಷ ಆತು, ಮುಂದಿನ ವರ್ಷದಿಂದ ಹುಡುಗ್ರ ಹಾಡ್ಲಿ." ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಕಡೆ ಅದೇನೋ ಡಬ್ಬಿ ಐತೆಲ್ಲ, ಅದರಾಗ ಗೋಳಗುಮ್ಮಟ ಐತಿ ಏನು?" ಅಂದರು.

ಹಾಗಾದರೆ ಮೊದಲು ಅಸಲಿ ಗೋಳಗುಮ್ಮಟವನ್ನು ಒಮ್ಮೆ ಕೇಳೋಣ ಅಂತ ಇಬ್ಬರೂ ನಿಶ್ಚಯಿಸಿದೆವು. ನಾನು ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ವಿಜಯಪುರದಲ್ಲಿ ಇಳಿದೆ. ಆ ದಿನ ಊರಿನಲ್ಲಿ ಕಳೆದು, ಮಾರನೇ ಬೆಳಗ್ಗೆ ಮೊದಲ ಬಸ್ಸಿಗೆ ಮಾಮಾನ ಜೊತೆ ಮತ್ತೆ ವಿಜಯಪುರಕ್ಕೆ ಬಂದೆ.

ಏಳು ಮಾಳಿಗೆ, ಏಳು ವಿಶ್ರಾಂತಿ

ಗೋಲ್ ಗುಂಬಜ್ ಮೊಹಮ್ಮದ್ ಆದಿಲ್ ಶಾಹನ ಗೋರಿ. ಅವನು 1627ರಿಂದ 1656ರವರೆಗೆ ಆಳಿದವನು. ಅವನ ತಂದೆ ಎರಡನೇ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದ ದೊರೆ. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯ ಸ್ತುತಿಯೂ ಇದೆ. ತನ್ನ ತಂಬೂರಿಗೆ 'ಮೋತಿ ಖಾನ್' ಅಂತ ಹೆಸರಿಟ್ಟಿದ್ದ. ನಾದಕ್ಕೆ ಅಷ್ಟು ಸೋತಿದ್ದವನು ಅಪ್ಪ. ದೇಶದಲ್ಲೇ ಅತ್ಯಂತ ಹೆಚ್ಚು ಮೊಳಗುವ ಕಟ್ಟಡಗಳಲ್ಲಿ ಒಂದನ್ನು ಕಟ್ಟಿಸಿದವನು ಮಗ. ಹಾಗಂತ ಇದನ್ನು ಸಂಗೀತಕ್ಕಾಗಿ ಕಟ್ಟಿದ್ದಲ್ಲ. ಕೆಳಗೆ ಕಟ್ಟೆಯ ಮೇಲೆ ದೊರೆ ಮತ್ತವನ ಮನೆಯವರ ಗೋರಿಗಳ ಗುರುತುಗಳಿವೆ, ನಿಜವಾದ ಗೋರಿಗಳು ಅದರಡಿಯ ನೆಲಮಾಳಿಗೆಯಲ್ಲಿವೆ.

ಒಳಗೆ ಹೋಗಿ ಮೇಲೆ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಕಂಬಗಳಿಲ್ಲದ ಖಾಲಿ ಜಾಗ. ನಾಲ್ಕು ಗೋಡೆಗಳಿಂದ ಎದ್ದ ಕಮಾನುಗಳು ಒಂದನ್ನೊಂದು ಹೆಣೆದುಕೊಂಡು, ಚೌಕವನ್ನು ಮೆಲ್ಲಗೆ ವೃತ್ತ ಮಾಡಿ, ಅದರ ಮೇಲೆ ಗುಮ್ಮಟ ಕೂರಿಸಿವೆ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಸುಮಾರು 38 ಮೀಟರ್. ಅಂದರೆ ಗುಮ್ಮಟದ ಗೋಡೆಯೇ ಹೆಚ್ಚೂಕಡಿಮೆ ಮೂರು ಮೀಟರ್ ದಪ್ಪ. ಈ ಅಳತೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಮಿನಾರುಗಳಿವೆ. ಅದರೊಳಗಿನ ಕಿರಿದಾದ ಸುರುಳಿ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಮಾಮಾ ಪ್ರತಿ ಅಂತಸ್ತಿನ ಕಿಂಡಿಯ ಹತ್ತಿರವೂ ಕೂತರು. "ನೀ ಮುಂದ ನಡಿ" ಅಂದರೂ ನಾನು ಹೋಗಲಿಲ್ಲ. ಐದನೇ ಅಂತಸ್ತಿನಲ್ಲಿ ಅವರಿಗೆ ದಮ್ಮು ಹತ್ತಿ, ಮಾತಾಡದೆ ಬರೀ ಕೈ ಎತ್ತಿ "ತಡಿ" ಅಂತ ಸನ್ನೆ ಮಾಡಿದರು. ಕಿಂಡಿಯಲ್ಲಿ ಕೆಳಗೆ ಇಡೀ ವಿಜಯಪುರ ಚಳಿಗಾಲದ ಮಸುಕಿನಲ್ಲಿ ಕಾಣುತ್ತಿತ್ತು. ಅರ್ಧ ಗಂಟೆಯಾದ ಮೇಲೆ ತಾರಸಿ ಸೇರಿ, ಗುಮ್ಮಟದ ಬುಡದಲ್ಲಿರುವ ಬಾಗಿಲಿನಿಂದ ಒಳಗೆ ನುಸುಳಿದೆವು.

ಗೋಡೆ ಹಿಡಿದು ಬಂದ ದನಿ

ಗ್ಯಾಲರಿ ಅಂದರೆ ಗುಮ್ಮಟದ ಒಳಸುತ್ತಿನ ಒಂದು ಜಗುಲಿ. ಅಗಲ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ನಾವು ಹೋದಾಗ ಒಬ್ಬ ಕಾವಲುಗಾರ, ಒಂದು ಜೋಡಿ, ಕೆಲವು ಪಾರಿವಾಳ, ಅಷ್ಟೇ.

ಮೊದಲು ಒಂದು ಸಲ ಚಪ್ಪಾಳೆ ತಟ್ಟಿದೆ. ಬಿಡಿಬಿಡಿಯಾಗಿ ಅದು ತಿರುಗಿ ಬಂತು. ನಾನು ಏಳರವರೆಗೆ ಎಣಿಸಿದೆ; ಊರಿನವರು ಹತ್ತು ಅಂತಾರೆ. ಲೆಕ್ಕ ಸರಳ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತೆ. 38 ಮೀಟರ್ ದಾಟಿ ಎದುರಿನ ಗೋಡೆಗೆ ಬಡಿದು ವಾಪಸ್ ಬರಲು 76 ಮೀಟರ್, ಅಂದರೆ ಹತ್ತಿರ ಹತ್ತಿರ 0.22 ಸೆಕೆಂಡು. ನಮ್ಮ ಕಿವಿ ಸುಮಾರು 50 ಮಿಲಿಸೆಕೆಂಡಿನ ಒಳಗೆ ಮರಳುವ ಶಬ್ದವನ್ನು ಮೂಲದ ಜೊತೆಗೇ ಸೇರಿಸಿಬಿಡುತ್ತೆ. ಅದಕ್ಕಿಂತ ಸಾಕಷ್ಟು ತಡವಾಗಿ, ಬಿಡಿಯಾಗಿ ಬಂದರೆ ಅದು ಪ್ರತಿಧ್ವನಿ. ನೂರಾರು ಮರಳುವಿಕೆಗಳು ಒತ್ತೊತ್ತಾಗಿ ಬಂದು ಒಂದೇ ಬಾಲವಾಗಿ ಕರಗಿದರೆ ಅದು ಅನುರಣನ. ಇಂಗ್ಲಿಷಿನ ರಿವರ್ಬ್ ಅಂದರೆ ಇದೇ. ಮೇಲೆ ಗ್ಯಾಲರಿಯಲ್ಲಿ ಎರಡೂ ಕೇಳುತ್ತವೆ: ಮೊದಲು ಎಣಿಸಬಹುದಾದ ಚಪ್ಪಾಳೆಗಳು, ಆಮೇಲೆ ಎಣಿಸಲಾಗದ ಗುಂಯ್.

ಮಾಮಾ ಗೋಡೆಗೆ ಬೆನ್ನು ತಾಗಿಸಿ ಕೂತರು. ನಾನು ಅರ್ಧ ಸುತ್ತು ನಡೆದು ಎದುರಿಗೆ ಹೋಗಿ, ಗೋಡೆಗೆ ಕಿವಿ ಹತ್ತಿರ ಮಾಡಿ ಕೂತೆ. ಅಲ್ಲಿಂದ ಅವರ ಬಿಳಿ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಮುಖವನ್ನು ಗೋಡೆಯ ಪಕ್ಕಕ್ಕೆ ತಿರುಗಿಸಿ ಅವರು ಏನೋ ಗುನುಗಿದರು. ಕೂಗಿದ್ದಲ್ಲ, ಹಾಡಿದ್ದೂ ಅಲ್ಲ. ಮಗುವನ್ನು ಮಲಗಿಸುವಾಗ ಗುನುಗುವಷ್ಟು ದನಿ. ಅದು ನನ್ನ ಕಿವಿಯ ಪಕ್ಕದಲ್ಲೇ ಬಂದಂತೆ ಬಂತು. ಅಕ್ಷರ ಅಕ್ಷರ ಕೇಳಿಸಿತು. ಸಾಲಿನ ಕೊನೆಗೆ ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು.

ಇದಕ್ಕೆ ಕಾರಣ ಗೋಡೆಯ ಬಾಗು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಮಾತಿನ ಗ್ಯಾಲರಿಯನ್ನು ಅಭ್ಯಾಸ ಮಾಡಿ ಇದನ್ನು ವಿವರಿಸಿದವರು ಲಾರ್ಡ್ ರೇಲಿ. ಶಬ್ದ ಒಳಬಾಗಿದ ಗೋಡೆಗೆ ಅಂಟಿಕೊಂಡಂತೆ, ಸಣ್ಣ ಸಣ್ಣ ಜಿಗಿತಗಳಲ್ಲಿ ಅದರ ಸುತ್ತಲೇ ಸಾಗುತ್ತೆ. ಖಾಲಿ ಜಾಗಕ್ಕೆ ಹರಡಿ ಸೊರಗುವುದಿಲ್ಲ. ನಮ್ಮ ಸಿ.ವಿ. ರಾಮನ್ ಕೂಡ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅದರಲ್ಲಿ ಸೇಂಟ್ ಪಾಲ್ಸ್ ಜೊತೆಗೆ ನಮ್ಮ ಗೋಲ್ ಗುಂಬಜೂ ಇದೆ.

ಅಷ್ಟರಲ್ಲಿ ಮೊದಲ ಶಾಲೆಯ ಮಕ್ಕಳು ಬಂದೇಬಿಟ್ಟರು. ಗ್ಯಾಲರಿ ತುಂಬ ಕೇಕೆ. ಮಾಮಾ ಕಿವಿ ಮುಚ್ಚಿಕೊಳ್ಳಲಿಲ್ಲ, ನಗುತ್ತಾ ನೋಡಿದರು. ಇಳಿಯುವಾಗ ಹೇಳಿದರು: "ಒದರಿದ್ರ ಹತ್ತ ಸಲ ಬರತೈತಿ, ಒಂದೂ ತಿಳಿಯಂಗಿಲ್ಲ. ಮೆಲ್ಲಕ ಅಂದ್ರ ಒಂದ ಸಲ ಬರತೈತಿ, ಪೂರಾ ತಿಳೀತೈತಿ. ಹೌದಿಲ್ಲೋ?"

ಅಲ್ಲಿಂದ ಟಾಂಗಾ ಹಿಡಿದು ಬಾರಾ ಕಮಾನಿಗೆ ಹೋದೆವು. ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾಹ ತನಗಾಗಿ ಶುರು ಮಾಡಿಸಿದ ಗೋರಿ. ಮುಗಿಯಲೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಆಕಾಶದ ಕೆಳಗೆ ಹಾಗೇ ನಿಂತಿವೆ. ಅಲ್ಲಿಯೂ ಒಂದು ಚಪ್ಪಾಳೆ ತಟ್ಟಿದೆ. ತಟ್ಟಿದ್ದಷ್ಟೇ. ಸೂರು ಇಲ್ಲ, ತಿರುಗಿಸಿ ಕೊಡುವವರು ಯಾರೂ ಇಲ್ಲ. ಒಂದೇ ಊರಿನಲ್ಲಿ ಅಪ್ಪನ ಗೋರಿಯೂ ಮಗನ ಗೋರಿಯೂ ನಾದದ ಎರಡು ತುದಿಗಳು. ಪೆಡಲಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಕಡೆ ಗುಂಡಿ ಪೂರ್ತಿ ಬಲಕ್ಕೆ, ಇನ್ನೊಂದು ಕಡೆ ಪೂರ್ತಿ ಎಡಕ್ಕೆ.

ಡಬ್ಬಿಗೆ ಜಾಗ ಬಂದದ್ದು ಹೇಗೆ?

ಕೋಣೆಯೊಂದರಲ್ಲಿ ನಾದ ಎಷ್ಟು ಹೊತ್ತು ಉಳಿಯುತ್ತೆ ಅನ್ನುವುದನ್ನು ಮೊದಲು ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೆಬಿನ್. 1895ರಲ್ಲಿ ಅಲ್ಲಿಯ ಒಂದು ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟ್ರ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಸೆಬಿನ್ ಇನ್ನೊಂದು ಸಭಾಂಗಣದಿಂದ ಆಸನದ ದಿಂಬುಗಳನ್ನು ತರಿಸಿ, ಅವನ್ನು ಹೆಚ್ಚಿಸುತ್ತಾ ಕಡಿಮೆ ಮಾಡುತ್ತಾ ಅಳೆದರು. ಕೋಣೆ ದೊಡ್ಡದಾದಷ್ಟೂ ಬಾಲ ಉದ್ದ; ದಿಂಬು, ಬಟ್ಟೆ, ಜನ ಹೆಚ್ಚಿದಷ್ಟೂ ಬಾಲ ಗಿಡ್ಡ. ಕಲ್ಲು, ಗಾರೆಗಳು ಶಬ್ದವನ್ನು ಹೀರುವುದೇ ಕಡಿಮೆ. ಗೋಲ್ ಗುಂಬಜ್ ಯಾಕೆ ಹಾಗೆ ಮೊಳಗುತ್ತೆ ಅನ್ನುವುದಕ್ಕೆ ಇಷ್ಟೇ ಸಾಕು.

ಆಮೇಲೆ ರೆಕಾರ್ಡಿಂಗಿನವರಿಗೆ ಆ ಬಾಲ ಬೇಕಾಯಿತು, ಆದರೆ ಕಟ್ಟಡ ಇರಲಿಲ್ಲ. ಶಿಕಾಗೋದ ಬಿಲ್ ಪಟ್ನಮ್ 1947ರಲ್ಲಿ ಸ್ಟುಡಿಯೋದ ಬಚ್ಚಲುಕೋಣೆಯಲ್ಲಿ ಸ್ಪೀಕರ್ ಮತ್ತು ಮೈಕ್ ಇಟ್ಟು ಅದನ್ನು ಪಡೆದರು. ನಾವು ಬಚ್ಚಲಲ್ಲಿ ಹಾಡಿದಾಗ ದನಿ ಚೆನ್ನಾಗಿ ಕೇಳುವುದು ಇದೇ ಕಾರಣಕ್ಕೆ. ಹ್ಯಾಮಂಡ್ ಆರ್ಗನ್ನಿನವರು ಸ್ಪ್ರಿಂಗ್ ಬಳಸಿದರು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ತಗಡನ್ನು ತೂಗುಹಾಕಿ ಅದನ್ನು ಕಂಪಿಸುವ ಯಂತ್ರ ತಂದಿತು. 1976ರಲ್ಲಿ ಅದೇ ಕಂಪನಿಯಿಂದ ಡಿಜಿಟಲ್ ಯಂತ್ರ ಬಂತು. 1987ರಲ್ಲಿ ಬಾಸ್ ಕಂಪನಿ ಅದನ್ನು ಅಂಗೈಯಗಲದ ಪೆಡಲಿಗೆ ಇಳಿಸಿತು. ಇವತ್ತಿಗೂ ಪೆಡಲುಗಳ ಮೇಲೆ ರೂಮ್, ಹಾಲ್, ಸ್ಪ್ರಿಂಗ್, ಪ್ಲೇಟ್ ಅಂತ ಬರೆದಿರುವುದು ಈ ಚರಿತ್ರೆಯ ನೆನಪು.

ಒಳಗೆ ನಡೆಯುವುದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಪೆಡಲ್ ನಾದವನ್ನು ಸೆಕೆಂಡಿಗೆ, ಉದಾಹರಣೆಗೆ, 44,100 ಸಂಖ್ಯೆಗಳಾಗಿ ಬರೆದುಕೊಳ್ಳುತ್ತೆ. ಅವನ್ನು ಮೆಮೊರಿಯ ಒಂದು ಸಾಲಿನಲ್ಲಿ ನಿಲ್ಲಿಸಿ, ಸ್ವಲ್ಪ ತಡವಾಗಿ, ಸ್ವಲ್ಪ ಕುಗ್ಗಿಸಿ ಮತ್ತೆ ಒಳಗೇ ಕಳಿಸುತ್ತೆ. ಗುಮ್ಮಟದ ಆ 0.22 ಸೆಕೆಂಡಿನ ಒಂದು ಹೋಗಿಬರುವಿಕೆ ಅಂದರೆ ಸುಮಾರು 9,700 ಸಂಖ್ಯೆಗಳ ಸಾಲು. ಒಂದೇ ಸಾಲಿದ್ದರೆ ಕೇಳುವುದು ಆರ್ಕೆಸ್ಟ್ರಾದ ಎಕೋ. ಬೇರೆ ಬೇರೆ ಉದ್ದದ ಹಲವು ಸಾಲುಗಳನ್ನು ಒಂದರೊಳಗೊಂದು ಹೆಣೆದರೆ ಬಿಡಿ ಚಪ್ಪಾಳೆಗಳು ಕರಗಿ ಅನುರಣನ ಆಗುತ್ತೆ. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿದ ದಾರಿ ಇದು.

ಮಠದಲ್ಲಿ ಆ ರಾತ್ರಿ

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು, ಸಂಜೆ ಮಠಕ್ಕೆ ಹೋದೆವು. ಮಠದ ಪಡಸಾಲೆ ತಗ್ಗು ಮಾಳಿಗೆಯದು. ಕಂಬಳಿ ಹಾಸಿದ್ದಾರೆ, ಜನ ಒತ್ತೊತ್ತಾಗಿ ಕೂತಿದ್ದಾರೆ. ಸೆಬಿನ್ ಹೇಳಿದ ದಿಂಬುಗಳು ಬೇಕಾದಷ್ಟಿವೆ, ದನಿ ಬಿದ್ದಲ್ಲೇ ಇಂಗುತ್ತೆ. ವಯಸ್ಸಾದ ಗಂಟಲಿಗೆ ಇಂಥ ಜಾಗ ಕಷ್ಟ. ಹಾಡಿದ್ದು ಸಾಲದು ಅನ್ನಿಸಿ ಇನ್ನೂ ಜೋರಾಗಿ ಹಾಡಿ ಬೇಗ ದಣಿಯುತ್ತಾರೆ.

ಗಿಟಾರ್ ಪೆಡಲನ್ನು ಮೈಕಿಗೆ ನೇರ ಸಿಕ್ಕಿಸುವಂತಿಲ್ಲ. ಮಿಕ್ಸರಿನಲ್ಲಿ ಆಕ್ಸ್ ಸೆಂಡ್ ಅಂತ ಒಂದು ತೂತು ಇರುತ್ತೆ. ಅಲ್ಲಿಂದ ಪೆಡಲಿನ ಒಳಕ್ಕೆ, ಪೆಡಲಿನಿಂದ ಮಿಕ್ಸರಿನ ಖಾಲಿ ಚಾನೆಲಿಗೆ ವೈರ್ ಹಾಕಿದೆ. ಪೆಡಲ್ ಗಿಟಾರಿನ ಸಣ್ಣ ಸಿಗ್ನಲಿಗೆ ಮಾಡಿದ್ದು, ಆದ್ದರಿಂದ ಕಳಿಸುವ ಮಟ್ಟ ಕಡಿಮೆ ಇರಬೇಕು. ಪೆಡಲಿನ ಮಿಕ್ಸ್ ಗುಂಡಿ ಪೂರ್ತಿ ಬಲಕ್ಕೆ, ಯಾಕಂದರೆ ಮೂಲ ದನಿ ಹೇಗೂ ಮಿಕ್ಸರಿನಲ್ಲೇ ಇದೆ. ವಾಪಸ್ ಬಂದ ಚಾನೆಲಿನ ಆಕ್ಸ್ ಗುಂಡಿ ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ನಾದ ಸುತ್ತಿ ಸುತ್ತಿ ಕಿರುಚುತ್ತೆ. ಸ್ಪೀಕರುಗಳು ಮೈಕಿಗಿಂತ ಮುಂದಿರಬೇಕು. ತಾಳ ಹಾಕುವ ಹುಡುಗ ಇದನ್ನೆಲ್ಲ ಐದು ನಿಮಿಷದಲ್ಲಿ ಕಲಿತುಕೊಂಡ.

ಮೊದಲು ಮಾಮಾ ಕೇಳಿದಂತೆ ಗೋಳಗುಮ್ಮಟವನ್ನೇ ಹಾಕಿಕೊಟ್ಟೆ. ಹಾಲ್ ಮೋಡ್, ಬಾಲ ಎಂಟು ಸೆಕೆಂಡು. ಒಂದು ಸಾಲು ಹಾಡಿದರು. ಪಡಸಾಲೆಯಲ್ಲಿದ್ದವರೆಲ್ಲ "ಓಹೋ" ಅಂದರು. ಎರಡನೇ ಸಾಲು ಶುರು ಮಾಡುವಾಗ ಮೊದಲನೆಯದು ಇನ್ನೂ ಅಲ್ಲೇ ಇತ್ತು. ಮೂರನೇ ಸಾಲಿಗೆ ಮಾಮಾ ನಿಲ್ಲಿಸಿದರು. "ಚಂದ ಐತಿ. ಖರೇ ಶರಣರು ಏನಂದ್ರು ಅನ್ನೂದ ತಿಳೀಲಿಲ್ಲ. ಕಡಿಮಿ ಮಾಡು."

ವಚನದಲ್ಲಿ ಮಾತೇ ಮುಖ್ಯ. ಹಾಗಾಗಿ ಪ್ಲೇಟ್ ಮೋಡಿಗೆ ಬಂದು, ಬಾಲವನ್ನು ಎರಡು ಸೆಕೆಂಡಿನ ಆಸುಪಾಸಿಗೆ ಇಳಿಸಿದೆ. ಪ್ರಿ-ಡಿಲೇ ಅನ್ನುವ ಗುಂಡಿಯನ್ನು 40 ಮಿಲಿಸೆಕೆಂಡಿಗೆ ಇಟ್ಟೆ. ಇದು ಅಕ್ಷರ ಹೊರಟ ಮೇಲೆ ಅನುರಣನ ಎಷ್ಟು ಹೊತ್ತು ಕಾದು ಶುರುವಾಗಬೇಕು ಅಂತ ಹೇಳುವ ಗುಂಡಿ. ಆ ಚಿಕ್ಕ ಅಂತರದಲ್ಲಿ ಕ, ತ, ಪ ಎಲ್ಲ ಸ್ಪಷ್ಟವಾಗಿ ದಾಟಿಬಿಡುತ್ತವೆ. ಟೋನ್ ಗುಂಡಿ ತಗ್ಗಿಸಿದಾಗ ಸಕಾರ, ಶಕಾರಗಳ ಸೀಳು ಹೋಯಿತು. ವಾಪಸ್ ಬರುವ ಚಾನೆಲನ್ನು, ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ಏರಿಸಿದೆ. ಜನರಿಗೆ ಅದು ಗೊತ್ತಾಗಲೇ ಇಲ್ಲ. ಹಾಡುವವರಿಗೆ ಗೊತ್ತಾಯಿತು.

ಮಾಮಾ ಹಾಡಿದರು, ಗ್ಯಾಲರಿಯಲ್ಲಿ ಗುನುಗಿದ ಹಾಗೆ, ಒತ್ತದೆ. ಸಾಲಿನ ಕೊನೆಯ ಸ್ವರವನ್ನು ಎಳೆಯುವ ಬದಲು ಬಿಟ್ಟುಕೊಟ್ಟರು. ಆ ಸ್ವರ ಇನ್ನೂ ಒಂದು ಗಳಿಗೆ ಗಾಳಿಯಲ್ಲಿತ್ತು, ಅಷ್ಟರಲ್ಲಿ ಅವರು ಉಸಿರು ತುಂಬಿಕೊಂಡರು. ಎಕೋ ಆಗಿದ್ದರೆ ಇದು ಆಗುತ್ತಿರಲಿಲ್ಲ. ಎಕೋ ತನ್ನದೇ ಲೆಕ್ಕದಲ್ಲಿ ಬಡಿಯುತ್ತೆ, ಆ ಬಡಿತ ತಾಳಕ್ಕೆ ಅಡ್ಡ ಬರುತ್ತೆ. ಅನುರಣನಕ್ಕೆ ಬಡಿತವಿಲ್ಲ, ಬರೀ ಇಳಿಜಾರು. ಲಯಕ್ಕೆ ಧಕ್ಕೆಯಾಗದೆ ಅದರ ಮೇಲೆ ಒರಗಬಹುದು.

ಪೆಡಲ್ ಉಸಿರು ಕೊಡುವುದಿಲ್ಲ, ಇದನ್ನೂ ಹೇಳಬೇಕು. ಮೂರನೇ ಪದಕ್ಕೆ ಮಾಮಾ ದಣಿದರು. ಮುಂದಿನದನ್ನು ಹಾಡಲು ತಾಳದ ಹುಡುಗನಿಗೆ ಕಣ್ಣಲ್ಲೇ ಹೇಳಿದರು. ಅವನ ದನಿ ಗಟ್ಟಿ, ಅವನಿಗೆ ಆಸರೆ ಬೇಡ. ನಾನು ಆಕ್ಸ್ ಗುಂಡಿಯನ್ನು ಸೊನ್ನೆಗೆ ತಂದೆ. ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡಲು ಮೈಕ್ ಮತ್ತೆ ಮಾಮಾನ ಕೈಗೆ ಬಂತು. ಇನ್ನು ಮೇಲೆ ಮೇಳದಲ್ಲಿ ಇದೇ ವ್ಯವಸ್ಥೆ: ಮೊದಲ ಮೂರು ಪದ, ಕೊನೆಯ ಮಂಗಳ ಮಾಮಾನದು, ನಡುವಿನದು ಹುಡುಗರದು.

ನಿಮ್ಮೂರಿನ ಭಜನೆಗೆ, ಗುಡಿಗೆ ಇಂಥದ್ದು ಬೇಕಿದ್ದರೆ ದುಬಾರಿ ಪೆಡಲೇ ಆಗಬೇಕೆಂದಿಲ್ಲ. ಈಗಿನ ಹಲವು ಮಿಕ್ಸರುಗಳಲ್ಲೇ ಎಫೆಕ್ಟುಗಳ ಪಟ್ಟಿ ಇರುತ್ತೆ. ಎಕೋ ಬಿಟ್ಟು ಪ್ಲೇಟ್ ಅಥವಾ ಸಣ್ಣ ರೂಮ್ ಆರಿಸಿ. ದೂರದಲ್ಲಿ ಕೂತ ಅಜ್ಜಿಗೆ ಪ್ರತಿ ಮಾತೂ ತಿಳಿಯುವವರೆಗೆ ಇಳಿಸುತ್ತಾ ಹೋಗಿ, ಅಲ್ಲಿ ನಿಲ್ಲಿಸಿ. ವಿಜಯಪುರಕ್ಕೆ ಹೋದರೆ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಸಾಕು, ಉಳಿದ ಹೊತ್ತು ಗೋಡೆಗೆ ಕಿವಿ ಕೊಟ್ಟು ಕೂತಿರಿ. ಜೊತೆಗೆ ಹಿರಿಯರಿದ್ದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡು ಹೋಗಿ, ಮೆಟ್ಟಿಲುಗಳು ಕಡಿದಾಗಿವೆ.

ಪೆಡಲ್ ಈಗ ಮಠದಲ್ಲೇ ಇದೆ. ಗುಂಡಿಗಳು ಅಲುಗದಂತೆ ತಾಳದ ಹುಡುಗ ಅವುಗಳ ಪಕ್ಕ ಸುಣ್ಣದಿಂದ ಗುರುತು ಹಾಕಿದ್ದಾನೆ. ಬೆಂಗಳೂರಿನಲ್ಲಿ ನಾನು ಸದ್ಯಕ್ಕೆ ಬಚ್ಚಲುಕೋಣೆಯ ಬಾಗಿಲು ತೆರೆದಿಟ್ಟು ಗಿಟಾರ್ ನುಡಿಸುತ್ತಿದ್ದೇನೆ.